ಕೊಟ್ಟವರ ಲೆಕ್ಕ, ಪಡೆದವರ ಲೆಕ್ಕ



ಕಾಪುವಿನ ದೀಪಸ್ತಂಭದ ಆಸುಪಾಸಿನ ಮರಳದಂಡೆಯಲ್ಲಿ ರಂಪಣಿ ಎಳೆಯುವುದನ್ನು ನೋಡುತ್ತ ಬೆಳೆದವನು ನಾನು. ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟ ಆ ದೊಡ್ಡ ಬಲೆಯ ಎರಡು ತುದಿಗಳನ್ನು ದಂಡೆಯಲ್ಲಿ ನಿಂತ ಹತ್ತಾರು ಜನ ಸಾಲುಗಟ್ಟಿ ಎಳೆಯುತ್ತಿದ್ದರು. ಆ ಬಲೆ ಒಬ್ಬನ ಸ್ವತ್ತಲ್ಲ. ಹಲವು ಮನೆಗಳವರು ತಮ್ಮ ತಮ್ಮ ತುಂಡುಗಳನ್ನು ತಂದು ಜೋಡಿಸಿದಾಗ ಅದು ರಂಪಣಿಯಾಗುತ್ತಿತ್ತು. ಬಂಗುಡೆ, ಬೂತಾಯಿ ದಂಡೆಗೆ ಬಂದು ಬಿದ್ದ ಮೇಲೆ ಪಾಲಿನ ಲೆಕ್ಕ. ಹಗ್ಗಕ್ಕೆ ಕೈಯಿಕ್ಕಿದ ಹುಡುಗನೂ ಬರಿಗೈಯಲ್ಲಿ ಮನೆಗೆ ಹೋಗುತ್ತಿರಲಿಲ್ಲ. ದೇಶದೇಶಗಳ ನಡುವಣ ನೆರವಿನ ಮೌಲ್ಯಮಾಪನವನ್ನು ಕುರಿತು ಮಾತನಾಡಬೇಕೆಂದಾಗ ನನಗೆ ಮೊದಲು ನೆನಪಾದುದು ಈ ಪಾಲಿನ ಲೆಕ್ಕವೇ.

ಕಾರ್ಕಳದಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದವನಿಗೆ ಅರ್ಥಶಾಸ್ತ್ರದ ಗೊಡವೆಯೇಕೆ ಎಂದು ನೀವು ಕೇಳಬಹುದು. ಸಾಲುಗಳನ್ನೆಣಿಸಿ ಕಾವ್ಯದ ಬೆಲೆ ಕಟ್ಟಲಾಗದೆಂಬುದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಹೇಳಬೇಕಾಗಿತ್ತು. ನೆರವಿನ ವಿಮರ್ಶೆಯೂ ಅದೇ ಜಾತಿಯ ಕೆಲಸ. ಎಷ್ಟು ಹಣ ಬಂತು, ಎಷ್ಟು ಕಟ್ಟಡ ಎದ್ದಿತು ಎಂದು ಎಣಿಸುವುದು ಸುಲಭ. ಯಾರ ಬಾಳು ಹೇಗೆ ಬದಲಾಯಿತು ಎಂಬುದನ್ನು ಓದುವುದು ಕಷ್ಟ.

ನಮ್ಮ ಕಡಲಿಗೇ ಸಂಬಂಧಿಸಿದ ಒಂದು ನಿದರ್ಶನವನ್ನು ನೋಡೋಣ. 1952ರ ಅಕ್ಟೋಬರಿನಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಒಂದು ಒಪ್ಪಂದವಾಯಿತು. ಎರಡನೆಯ ಮಹಾಯುದ್ಧದ ಪೆಟ್ಟಿನಿಂದ ತಾನೇ ಆಗಷ್ಟೆ ಚೇತರಿಸಿಕೊಳ್ಳುತ್ತಿದ್ದ ನಾರ್ವೆ ಹೊರನಾಡಿಗೆ ನೀಡಿದ ಮೊದಲ ಅಭಿವೃದ್ಧಿ ನೆರವು ಅದು. ಕೊಲ್ಲಂ ಬಳಿಯ ನೀಂಡಕರದಲ್ಲಿ ಕೆಲಸ ಆರಂಭವಾಯಿತು. ದೋಣಿ ಕಟ್ಟುವ ಕಾರ್ಖಾನೆ, ಮಂಜುಗಡ್ಡೆಯ ಸ್ಥಾವರ, ಆರೋಗ್ಯ ಕೇಂದ್ರ, ಕುಡಿಯುವ ನೀರು ಎಲ್ಲವೂ ಯೋಜನೆಯಲ್ಲಿದ್ದವು. ಬಡ ಮೀನುಗಾರನ ಜೀವನಮಟ್ಟವನ್ನು ಎತ್ತರಿಸುವುದು ಅದರ ಗುರಿ. ಮುಂದೆ ಯೋಜನೆ ಕೊಚ್ಚಿಗೆ ಸ್ಥಳಾಂತರಗೊಂಡು, ಕಣ್ಣೂರು, ನಮ್ಮ ಕಾರವಾರ, ತಮಿಳುನಾಡಿನ ಮಂಡಪಂಗಳಿಗೂ ಚಾಚಿತು. 1972ರಲ್ಲಿ ಮುಕ್ತಾಯವಾಯಿತು.

ಅದು ಯಶಸ್ವಿಯಾಯಿತೆ? ಮೀನಿನ ತೂಕವನ್ನು ಕೇಳಿದರೆ ಆಯಿತು. ಯಾಂತ್ರಿಕ ದೋಣಿ ಬಂತು, ತಳವನ್ನು ಗೋರುವ ಟ್ರಾಲ್ ಬಲೆ ಬಂತು. ಸಿಗಡಿಗೆ ಅಮೆರಿಕ, ಜಪಾನುಗಳ ಮಾರುಕಟ್ಟೆ ತೆರೆಯಿತು, ವಿದೇಶೀ ವಿನಿಮಯ ಹರಿದುಬಂತು. ಆದರೆ ಹಣವುಳ್ಳವನು ದೋಣಿಯ ಒಡೆಯನಾದ. ಕಡಲನ್ನೆಂದೂ ಕಾಣದ ವ್ಯಾಪಾರಿಯೂ ಒಡೆಯನಾದ. ಯಾರಿಗಾಗಿ ಯೋಜನೆ ಹುಟ್ಟಿತೋ ಆ ಬಡವರಲ್ಲಿ ಬಹುಮಂದಿ ತಮ್ಮ ಸಣ್ಣ ದೋಣಿಯೊಡನೆ ಹಿಂದೆ ಉಳಿದರು. ನಾರ್ವೆಯವರೇ ಆದ ಮಾನವಶಾಸ್ತ್ರಜ್ಞ ಆರ್ನೆ ಮಾರ್ಟಿನ್ ಕ್ಲಾಸೆನ್ ಆ ಹಳ್ಳಿಗಳ ಜನಜೀವನವನ್ನೇ ಅಭ್ಯಾಸಮಾಡಿ 1968ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಕೊಟ್ಟ ದೇಶದ ವಿದ್ವಾಂಸನೇ ಕೊಟ್ಟ ಕೈಯನ್ನು ಪರೀಕ್ಷಿಸಿದ್ದು ಮೆಚ್ಚಬೇಕಾದ ಮಾತು.

ನಮ್ಮ ದಂಡೆಗೂ ಆ ಗಾಳಿ ಬೀಸಿತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಮಲ್ಪೆ, ಮಂಗಳೂರುಗಳಲ್ಲಿ ವೇಗವಾಗಿ ಹೆಚ್ಚಿದವು. ಮೀನಿನ ಹಿಂಡನ್ನು ಅವು ದಂಡೆಗೆ ಬರುವ ಮೊದಲೇ ಸುತ್ತುವರಿದು ಹಿಡಿದುಬಿಟ್ಟವು. ಕೆಲವೇ ವರ್ಷಗಳಲ್ಲಿ ಕಾಪುವಿನ ರಂಪಣಿ ಮನೆಯ ಮೂಲೆ ಸೇರಿತು. ಇದಕ್ಕೆ ನಾರ್ವೆಯನ್ನು ದೂರುವುದು ಅನ್ಯಾಯ. ಸಾಲ ಕೊಟ್ಟವರು, ನೀತಿ ರೂಪಿಸಿದವರು ನಮ್ಮವರೇ. ಪರ್ಸೀನಿನಲ್ಲಿ ಪಾಲುದಾರರಾಗಿ ಏಳಿಗೆ ಹೊಂದಿದ ರಂಪಣಿಯವರೂ ಇದ್ದಾರೆ. ಆದರೆ ಹಗ್ಗ ಹಿಡಿಯುತ್ತಿದ್ದ ಬಡ ಕೈಗಳಿಗೆ ಏನಾಯಿತೆಂಬ ಪ್ರಶ್ನೆ ಟನ್ನುಗಳ ಅಂಕಿಯಲ್ಲಿ ಮುಳುಗಿಹೋಯಿತು. ನಮ್ಮ ಮನೆಗೆ ಬುಟ್ಟಿ ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ಒಂದು ಮಳೆಗಾಲದ ಅನಂತರ ಬರಲೇ ಇಲ್ಲ. ಆಕೆಯ ಹೆಸರು ಯಾವ ವರದಿಯಲ್ಲಿಯೂ ಇರಲಾರದು.

ಈಗ ಇದೇ ಕಥೆಯ ಎಳೆ ಹಿಡಿದು ಸಮುದ್ರದಾಚೆಗೆ ಹೋಗೋಣ. ಶ್ರೀಲಂಕೆಯಲ್ಲಿ 1983ರಿಂದ ನಡೆದ ಅಂತರ್ಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. ಯುದ್ಧಕಾಲದಲ್ಲಿ ಜಾಫ್ನಾದ ಕಡೆಯ ತಮಿಳು ಮೀನುಗಾರರಿಗೆ ಕಡಲಿಗಿಳಿಯಲು ನಿರ್ಬಂಧ. ಶಾಂತಿ ಬಂದಾಗ ಅವರು ಸಣ್ಣ ದೋಣಿ, ಸಣ್ಣ ಬಲೆಗಳೊಡನೆ ಮರಳಿದರು. ಅಲ್ಲಿ ಅವರ ಬಲೆಗಳನ್ನು ಹರಿದುದು ಯಾವ ಸೈನ್ಯವೂ ಅಲ್ಲ. ತಮಿಳುನಾಡಿನ ದಂಡೆಯಿಂದ ಹೋದ ಟ್ರಾಲರುಗಳು. ಮಂಡಪಂವರೆಗೆ ಚಾಚಿದ್ದ ಆ ಹಳೆಯ ನೆರವು ಈ ಟ್ರಾಲರುಗಳ ಹಲವು ಬೇರುಗಳಲ್ಲಿ ಒಂದು. ಶ್ರೀಲಂಕೆ 2017ರಲ್ಲಿ ತಳಗೋರುವ ಬಲೆಯನ್ನು ಕಾನೂನಿನಿಂದಲೇ ನಿಷೇಧಿಸಿತು. ಒಂದು ದಂಡೆಯ ಬಡವನಿಗೆಂದು ಕೊಟ್ಟದ್ದು ಅರ್ಧ ಶತಮಾನದ ಮೇಲೆ ಮತ್ತೊಂದು ದಂಡೆಯ ಬಡವನಿಗೆ ಪೆಟ್ಟಾಗಬಹುದೆಂದು 1972ರಲ್ಲಿ ಲೆಕ್ಕ ಮುಗಿಸಿದವರಾರೂ ಎಣಿಸಿರಲಾರರು.

ವಿಚಿತ್ರವೆಂದರೆ, ಆ ದ್ವೀಪದಲ್ಲಿ ಸಂಧಾನಕ್ಕೆ ನಿಂತದ್ದೂ ನಾರ್ವೆಯೇ. 2002ರ ಕದನವಿರಾಮ ಉಳಿಯಲಿಲ್ಲ. ಆಗ ನಾರ್ವೆ ತನ್ನ ಪ್ರಯತ್ನವನ್ನು ಹೊರಗಿನ ವಿದ್ವಾಂಸರಿಂದ ಪರೀಕ್ಷೆ ಮಾಡಿಸಿ, ಆ ವರದಿಯನ್ನು 2011ರಲ್ಲಿ ಲೋಕದ ಮುಂದಿಟ್ಟಿತು. ತನ್ನ ಸೋಲನ್ನು ತಾನೇ ಅಚ್ಚುಹಾಕಿಸುವ ಎದೆಗಾರಿಕೆ ಎಷ್ಟು ಸರಕಾರಗಳಿಗಿದೆ?

ಇನ್ನು ನಮ್ಮ ಸರದಿ. ಪಡೆಯುವವರಾಗಿದ್ದ ನಾವು ಇಂದು ಕೊಡುವವರೂ ಆಗಿದ್ದೇವೆ. ಯುದ್ಧದಿಂದ ನಿರ್ಗತಿಕರಾದವರಿಗೆ ಮುಖ್ಯವಾಗಿ ಸಲ್ಲುವಂತೆ ಭಾರತ ಶ್ರೀಲಂಕೆಯಲ್ಲಿ 50,000 ಮನೆಗಳ ಯೋಜನೆಯನ್ನು ಕೈಗೊಂಡಿತು. ಮೊದಲ 1,000 ಮನೆಗಳನ್ನು ಗುತ್ತಿಗೆದಾರರು ಕಟ್ಟಿದರು. 2012ರ ಗಾಂಧೀಜಯಂತಿಯಂದು ಆರಂಭವಾದ ಎರಡನೆಯ ಹಂತದಲ್ಲಿ ಕ್ರಮ ಬದಲಾಯಿತು. ಮನೆಯೊಂದಕ್ಕೆ ಅಲ್ಲಿನ 5.5 ಲಕ್ಷ ರೂಪಾಯಿ ಕಂತುಕಂತಾಗಿ ಫಲಾನುಭವಿಯ ಬ್ಯಾಂಕು ಖಾತೆಗೇ ಸೇರಿತು. ಕಟ್ಟಿಸುವ ಹೊಣೆ ಮನೆಯವರದೇ. ಮನೆ ಕಟ್ಟಿಸಿಕೊಳ್ಳುವುದಕ್ಕೂ ಕಟ್ಟಿಕೊಟ್ಟ ಮನೆಗೆ ಹೋಗಿ ಸೇರುವುದಕ್ಕೂ ಇರುವ ಅಂತರ, ಮನೆ ಕಳೆದುಕೊಂಡವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಆದರೆ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಆ ಮೊತ್ತ ಸಾಕಾಯಿತೆ, ಸಾಲದ ಹೊರೆ ಉಳಿಯಿತೆ, ಮನೆಯಾದ ಮೇಲೆ ಒಲೆ ಉರಿಸುವ ದುಡಿಮೆ ದೊರೆಯಿತೆ? ಗೋಡೆಗಳನ್ನೆಣಿಸಿದ ಮೇಲೆ ಕೇಳಬೇಕಾದ ಪ್ರಶ್ನೆಗಳು ಇವು.

ಪಡೆಯುವವನ ಕೈಯನ್ನು ನಂಬುವ ಈ ಬುದ್ಧಿ ನಮ್ಮೂರಿಗೆ ಹೊಸದಲ್ಲ. ಕೈಮಗ್ಗದವರು ಸಂಕಟದಲ್ಲಿದ್ದಾಗ 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಅವರು ಒಂದು ಬ್ಯಾಂಕನ್ನು ಸ್ಥಾಪಿಸಿದರು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದ ಆ ಕ್ರಮ ಬಡವನನ್ನು ದಾನ ಪಡೆಯುವವನೆಂದು ಎಣಿಸದೆ ಉಳಿಸಬಲ್ಲವನೆಂದು ಎಣಿಸಿತು. ಸಿಂಡಿಕೇಟ್ ಎಂದು ಹೆಸರಾದ ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮಣಿಪಾಲದ ಮನೆಗಳಲ್ಲಿ ಆ ಎರಡಾಣೆಯ ಮಾತು ಇನ್ನೂ ಉಳಿದಿದೆ.

ಕೇಳುಗರೇ, ನೆರವನ್ನು ಅಳೆಯುವವನು ಮೂರು ಮಾತುಗಳನ್ನು ಮರೆಯಬಾರದು. ಕೊಟ್ಟವನ ಕಡತವನ್ನು ಓದುವುದಕ್ಕಿಂತ ಮೊದಲು ಪಡೆದವನ ಅಂಗಳದಲ್ಲಿ ಕುಳಿತುಕೊಳ್ಳಬೇಕು. ಪಡೆಯದೆ ಉಳಿದವನನ್ನೂ ಮಾತನಾಡಿಸಬೇಕು. ಲೆಕ್ಕ ಮುಗಿಯಿತೆಂದು ಸಹಿ ಹಾಕಿದ ಹಲವು ವರ್ಷಗಳ ಮೇಲೆ ಮತ್ತೊಮ್ಮೆ ಅಲ್ಲಿಗೆ ಹೋಗಬೇಕು. ಕಾಪುವಿನ ದಂಡೆಯಲ್ಲಿ ಅಕ್ಷರ ಬಾರದ ತಂಡೇಲರು ಪ್ರತಿ ಸಂಜೆಯೂ ಬಲೆಯ ಉದ್ದವನ್ನಲ್ಲ, ಯಾರಿಗೆ ಪಾಲು ಸಂದಿಲ್ಲವೆಂಬುದನ್ನು ನೋಡುತ್ತಿದ್ದರು. ಅದಕ್ಕಿಂತ ಹಿರಿದಾದ ಮೌಲ್ಯಮಾಪನವನ್ನು ನಾನು ಕಂಡಿಲ್ಲ.