ಕೆಲಸದ ಹೊತ್ತು, ಕೈಯಲ್ಲಿನ ಫೋನು



ಚಾಮರಾಜನಗರ, ಗುಂಡ್ಲುಪೇಟೆಯ ನಮ್ಮ ಮಕ್ಕಳು ಓದು ಮುಗಿಸಿ ಮೈಸೂರು, ಬೆಂಗಳೂರಿನ ಕಚೇರಿಗಳಿಗೆ ಸೇರುತ್ತಿದ್ದಾರೆ. ಅಲ್ಲಿ ಅವರಿಗೆ ಎದುರಾಗುವ ಒಂದು ಕಷ್ಟದ ಬಗ್ಗೆ ಇಂದು ಎರಡು ಮಾತು ಹೇಳಬಯಸುತ್ತೇವೆ. ಅದು ಕೆಲಸದ ವೇಳೆಯಲ್ಲಿ ಸ್ವಂತಕ್ಕೆ ಇಂಟರ್ನೆಟ್ ನೋಡುವುದು, ಮತ್ತು ಅದರಿಂದ ಬರುವ ಒತ್ತಡ.

ಮೊಬೈಲ್ ಮುಟ್ಟಲೇಬಾರದು ಎಂದು ನಾವು ಹೇಳುವುದಿಲ್ಲ. ಶಾಲೆಯಲ್ಲಿ ಎರಡು ಮೂರು ಪಿರಿಯಡ್ ಆದ ಮೇಲೆ ಬೆಲ್ ಹೊಡೆದು ಮಕ್ಕಳನ್ನು ಹೊರಗೆ ಬಿಡುತ್ತೇವೆ. ದೊಡ್ಡವರ ಮನಸ್ಸಿಗೂ ಅಂಥ ಬಿಡುವು ಬೇಕು. 2009ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಬ್ರೆಂಟ್ ಕೋಕರ್ ಅವರ ಅಧ್ಯಯನವೂ ಇದನ್ನೇ ಹೇಳಿತು. ಕಚೇರಿ ಸಮಯದ ಶೇ. 20 ಮೀರದಂತೆ ಇಂಟರ್ನೆಟ್ ನೋಡಿದವರ ಕೆಲಸ, ನೋಡದವರಿಗಿಂತ ಸುಮಾರು ಶೇ. 9ರಷ್ಟು ಹೆಚ್ಚು ಸಾಗಿತ್ತು.

ತೊಂದರೆ ಬರುವುದು ಬಿಡುವಿನಿಂದಲ್ಲ, ಅಡಚಣೆಯಿಂದ. ಬಿಡುವಿನ ಹೊತ್ತನ್ನು ನಾವು ಗೊತ್ತುಮಾಡುತ್ತೇವೆ; ಅಡಚಣೆಯ ಹೊತ್ತನ್ನು ಫೋನು ಗೊತ್ತುಮಾಡುತ್ತದೆ. ಅಮೆರಿಕದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಕೆಲಸ ಮಾಡುವವರನ್ನು ನಡುನಡುವೆ ತಡೆದು ನೋಡಿದರು. ಅವರು ಕೆಲಸವನ್ನು ಇನ್ನೂ ಬೇಗನೆ ಮುಗಿಸಿದರು. ಆದರೆ ಕೇವಲ 20 ನಿಮಿಷದಲ್ಲೇ ಒತ್ತಡ, ಕಿರಿಕಿರಿ, ಧಾವಂತ ಹೆಚ್ಚಿದ್ದವು. ಕೆಲಸವೇನೋ ಮುಗಿಯುತ್ತದೆ, ಮನಸ್ಸು ದಣಿಯುತ್ತದೆ. ಜೊತೆಗೆ ಮೇಲಧಿಕಾರಿ ನೋಡಿಬಿಟ್ಟರೆ ಎಂಬ ಅಳುಕು ಬೇರೆ.

ಮಕ್ಕಳೇ, ಸಂಬಳ ಪಡೆಯುವ ಹೊತ್ತು ಅಮಾನತ್. ವಾಟ್ಸಾಪ್ ಗುಂಪುಗಳ ಸದ್ದು ನಿಲ್ಲಿಸಿ. ಟೀ ವೇಳೆ, ಊಟದ ವೇಳೆ ಎಂದು ಹೊತ್ತು ಗೊತ್ತುಮಾಡಿಕೊಂಡು ಆಗ ಮಾತ್ರ ನೋಡಿ.

ತಂದೆ-ತಾಯಂದಿರೇ, ಇದರಲ್ಲಿ ಮನೆಯವರ ಪಾಲೂ ಇದೆ. ಹನ್ನೊಂದು ಗಂಟೆಗೆ ಮದುವೆಯ ವಿಡಿಯೋ, ಹನ್ನೆರಡಕ್ಕೆ ಕರೆಂಟ್ ಬಿಲ್ಲು, ಒಂದು ಗಂಟೆಗೆ “ಯಾಕೆ ಉತ್ತರ ಕೊಡಲಿಲ್ಲ?” ಎಂಬ ಪ್ರಶ್ನೆ ಹೋದರೆ ಮಗಳು ಕೆಲಸ ಮಾಡುವುದು ಯಾವಾಗ? ಸಂಜೆಗೆ ಕಾಯಬಹುದಾದದ್ದು ಸಂಜೆಗೇ ಇರಲಿ. ತುರ್ತಾದರೆ ಸಂದೇಶ ಬೇಡ, ಕರೆ ಮಾಡಿ.

ಫೋನು ಬಿಡಲಾಗದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಚಿಕಿತ್ಸಾಲಯವಿದೆ. ಮನಸ್ಸು ಕುಗ್ಗಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಕೇಳಲು ನಾಚಿಕೆ ಬೇಡ.

ದಾನಿಗಳು ಕೊಟ್ಟ ಹಣದಿಂದ ಮಕ್ಕಳು ಕೆಲಸದವರೆಗೆ ತಲುಪಿದ್ದಾರೆ. ಆ ಕೆಲಸದಲ್ಲಿ ಅವರು ನೆಮ್ಮದಿಯಿಂದ ಉಳಿಯುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.