ರೇಷನ್ ಲಾರಿಯ ಟೆಂಡರು ಮತ್ತು ನಾವು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಟೆಂಡರು, ಹೈಕೋರ್ಟು ಅಂದ್ರೆ ನಮಗೇನು ಸಂಬಂಧ ಅಂತ ಕೇಳಬಹುದು. ನೀವು ಹಾಸ್ಟೆಲಿನಲ್ಲಿ ಉಣ್ಣೋ ಅಕ್ಕಿ, ಕೇರಿಯಲ್ಲಿ ನಿಮ್ಮ ಅವ್ವ ಸಾಲು ನಿಂತು ತರೋ ಅಕ್ಕಿ, ಎರಡೂ ಗೋಡೌನಿನಿಂದ ಲಾರಿ ಹತ್ತಿಯೇ ಬರೋದು. ಮೂಟೆ ಹೊರೋ ಹಮಾಲಿಗಳಲ್ಲಿ ನಮ್ಮವರು ಎಷ್ಟು ಜನ ಅಂತ ಒಮ್ಮೆ ಹೋಗಿ ನೋಡಿ. ಆಮೇಲೆ ಸಾಗಾಣಿಕೆ ಟೆಂಡರು ಹಿಡಿದವರಲ್ಲಿ ಎಷ್ಟು ಜನ ಅಂತ ಕೇಳಿ.

ಟೆಂಡರು ಸಿಗದ ಕಂಟ್ರಾಕ್ಟರು ಸಂವಿಧಾನದ 226ನೇ ವಿಧಿ ಹಿಡಿದು ಹೈಕೋರ್ಟಿಗೆ ಹೋಗುತ್ತಾನೆ. ಅಲ್ಲಿ ಕೋರ್ಟು ಏನು ನೋಡುತ್ತೆ? 1994ರ ಟಾಟಾ ಸೆಲ್ಯುಲರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆದಿದೆ. ಸರ್ಕಾರದ ತೀರ್ಮಾನದ ಮೇಲೆ ತಾನು ಅಪೀಲು ಕೇಳೋದಿಲ್ಲ, ತೀರ್ಮಾನಕ್ಕೆ ಬಂದ ದಾರಿ ನೆಟ್ಟಗಿತ್ತೇ ಅಂತ ಮಾತ್ರ ನೋಡುತ್ತೇನೆ ಅಂತ. ಒರಿಸ್ಸಾದ ಜಗದೀಶ್ ಮಂಡಲ್ ಕೇಸಿನಲ್ಲಿ, 2006ರಲ್ಲಿ, ಇನ್ನೂ ಬಿಗಿ ಮಾಡಿತು. ಸೋತವನ ವ್ಯಾಪಾರದ ಹಗೆತನಕ್ಕೆಲ್ಲ ಕೋರ್ಟು ಅಡ್ಡ ಬಂದರೆ ಲಕ್ಷಾಂತರ ಜನರಿಗೆ ಸಲ್ಲಬೇಕಾದ ನೆರವು ತಡವಾಗುತ್ತೆ ಅಂದಿತು.

ಇದನ್ನು ನಾವು ಒಪ್ಪುತ್ತೇವೆ. ಇಬ್ಬರು ಲಾರಿ ಧಣಿಗಳ ಜಗಳಕ್ಕೆ ನಮ್ಮ ಅಕ್ಕಿಗೆ ಹುಳ ಬೀಳಬಾರದು. ಆದರೆ ಕೋರ್ಟು ಹಿಂದೆ ಸರಿದಷ್ಟೂ ಷರತ್ತು ಬರೆಯೋ ಅಧಿಕಾರಿಯ ಪೆನ್ನಿಗೆ ಬಲ. ಇಷ್ಟು ಕೋಟಿ ವಹಿವಾಟು ಇರಬೇಕು, ಇಷ್ಟು ಸ್ವಂತ ಲಾರಿ ಇರಬೇಕು, ಇಷ್ಟು ವರ್ಷದ ಅನುಭವ ಇರಬೇಕು ಅಂತ ಬರೆದರೆ ಮುಗೀತು. ಕೆರೆಗೆ ಇಳಿಯೋಕೆ ಬಿಡದೆ ಈಜು ಬರುತ್ತೇನೋ ಅಂತ ಕೇಳಿದ ಹಾಗೆ. ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾಯ್ದೆ ತಿದ್ದಿ 50 ಲಕ್ಷದೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಮೀಸಲು ತಂದರು. ಅದು ತಂದದ್ದು ಕಾಮಗಾರಿಗೆ, ಅಕ್ಕಿ ಲಾರಿಗಲ್ಲ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಮಹಾರಾಷ್ಟ್ರದಲ್ಲಿ ಅಂಗನವಾಡಿ ಆಹಾರಕ್ಕೆ 2016ರಲ್ಲಿ ಕರೆದ ಟೆಂಡರಿನ ಷರತ್ತುಗಳು ಸಣ್ಣ ಮಹಿಳಾ ಬಚತ್ ಗಟ್‌ಗಳನ್ನು, ಅಂದ್ರೆ ಹೆಂಗಸರ ಉಳಿತಾಯ ಗುಂಪುಗಳನ್ನು, ಹೊರಗೆ ತಳ್ಳುವಂತಿದ್ದವು. ಆ ಹೆಂಗಸರು ಸುಪ್ರೀಂ ಕೋರ್ಟಿನ ತನಕ ಹೋದರು. 2019ರಲ್ಲಿ ಕೋರ್ಟು ಆ ಟೆಂಡರನ್ನೇ ರದ್ದು ಮಾಡಿ ಹೊಸದಾಗಿ ಕರೆಯಿರಿ ಅಂದಿತು.

ಇನ್ನು ನಿಜವಾದ ಪ್ರಶ್ನೆ. ಟೆಂಡರು ಕೇಸಿನ ಕಾಗದದಲ್ಲಿ ಯಾರ ಹೆಸರು ಇರುತ್ತೆ? ಸರ್ಕಾರದ್ದು, ಗೆದ್ದವನದು, ಸೋತವನದು. ಕಾರ್ಡಿನವರ ಹೆಸರು ಕಾಣಲ್ಲ. ಕೋರ್ಟು ಫೈಲು ತೂಗುತ್ತೆ, ಮೂಟೆ ತೂಗಲ್ಲ. ಅಂಗಡಿಯವನು ಹೇಳ್ತಾನೆ, "ಟೆಂಡರು ಕೋರ್ಟಲ್ಲಿದೆ ಕಣಮ್ಮ, ಲೋಡು ಬಂದಿಲ್ಲ, ಮುಂದಿನ ತಿಂಗಳು ಬಾ." ಅವ್ವ ಖಾಲಿ ಚೀಲ ಮಡಚಿಕೊಂಡು ಬರ್ತಾಳೆ.

ಇಲ್ಲಿ ನಾವು ಕಾನೂನು ಓದಬೇಕು. 2013ರ ಆಹಾರ ಭದ್ರತಾ ಕಾಯ್ದೆಯ 24ನೇ ಸೆಕ್ಷನ್ನು, ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ಧಾನ್ಯ ಮುಟ್ಟಿಸೋದು ರಾಜ್ಯ ಸರ್ಕಾರದ ಕೆಲಸ ಅನ್ನುತ್ತೆ. ಧಾನ್ಯ ಕೊಡದಿದ್ದರೆ 8ನೇ ಸೆಕ್ಷನ್ನಿನ ಪ್ರಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕು. 44ನೇ ಸೆಕ್ಷನ್ನು ಸರ್ಕಾರಕ್ಕೆ ವಿನಾಯಿತಿ ಕೊಡೋದು ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪಕ್ಕೆ. ಕಂಟ್ರಾಕ್ಟರುಗಳ ಜಗಳ ಆ ಪಟ್ಟಿಯಲ್ಲಿಲ್ಲ! ಪಡಿತರದ ದಾಖಲೆಗಳು ಸಾರ್ವಜನಿಕರಿಗೆ ತೆರೆದಿರಬೇಕು ಅನ್ನೋದು 27ನೇ ಸೆಕ್ಷನ್ನು. ಜಾಗೃತಿ ಸಮಿತಿಯಲ್ಲಿ ಪರಿಶಿಷ್ಟರು, ಹೆಂಗಸರು ಇರಬೇಕು ಅನ್ನೋದು 29. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ, ಬಹಳ ಕಡೆ ಆ ಸದಸ್ಯರಿಗೇ ಗೊತ್ತಿರಲ್ಲ.

ಲೋಡು ಬರೋ ದಿನ ಅಂಗಡಿ ಹತ್ತಿರ ಇಬ್ಬರು ನಿಂತು ಲಾರಿ ನಂಬರು, ಮೂಟೆ ಲೆಕ್ಕ ಬರೆದುಕೊಳ್ಳಿ. ನಿಮ್ಮ ಜಿಲ್ಲೆಯ ಸಾಗಾಣಿಕೆ ಟೆಂಡರಿನ ಷರತ್ತುಗಳ ನಕಲು ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಒಂದೇ ವಿಷಯ, 150 ಪದದೊಳಗೆ ಇರಲಿ. ಬಿಪಿಎಲ್‌ನವರಿಗೆ ಶುಲ್ಕ ಇಲ್ಲ. ಬರೆಯೋಕೆ ಬಾರದವರು ಸಭೆ ಮುಗಿದ ಮೇಲೆ ಇಲ್ಲೇ ಉಳೀರಿ, ಕಾಗದ ತಂದಿದ್ದೇವೆ.

ಜೈ ಭೀಮ್.