ಪ್ರವಾಹದ ಸುದ್ದಿ: ಸಾರಬೇಕಾದುದು, ತಡೆಯಬೇಕಾದುದು

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರೇ,

ಚಿಂಚೋಳಿ ಕಡೆಯ ಮುಲ್ಲಾಮಾರಿಯನ್ನು ಕೂಡಿಸಿಕೊಂಡು ಕಾಗಿಣಾ ನದಿಯು ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆಯನ್ನು ಹಾದು ಭೀಮೆಯನ್ನು ಸೇರುತ್ತದೆ. 2020ರ ಅಕ್ಟೋಬರ್ ಪ್ರವಾಹವನ್ನು ತಾವು ಮರೆತಿರಲಾರಿರಿ. ಮೇಲಿನ ಊರಿನ ಸುದ್ದಿಯು ಕೆಳಗಿನ ಊರಿನವರ ಜೀವ ಉಳಿಸೀತು. ಆದಕಾರಣ ನೀರಿನ ಮಟ್ಟ, ಮುಳುಗಿದ ಸೇತುವೆ, ಕಾಳಜಿ ಕೇಂದ್ರದ ಸ್ಥಳ, 1077 ಸಹಾಯವಾಣಿ ಇವುಗಳನ್ನು ಡಂಗುರದಿಂದಲೂ ವಾಟ್ಸಾಪ್‌ನಿಂದಲೂ ತಡಮಾಡದೆ ಸಾರತಕ್ಕದ್ದು.

ಆದರೆ ಆಪದ ಮಿತ್ರರಾಗಲಿ, ಊರಿನ ಈಜುಗಾರರಾಗಲಿ ದೋಣಿ ಇಳಿಸುವ ಜಾಗವು ಮೊದಲೇ ಪ್ರಚಾರವಾದರೆ ದಂಡೆಗೆ ಜನ ಮುಗಿಬೀಳುವರು. ಹಗ್ಗ ಎಸೆಯಲೂ ಸ್ಥಳವಿರದು. ತೆರವಾದ ಓಣಿಯ ಹೆಸರು ಹರಡಿದರೆ ಕಳ್ಳರಿಗೆ ವಿಳಾಸ ಕೊಟ್ಟಂತೆ. ಒದ್ದೆ ಸೀರೆಯಲ್ಲಿ ನಡುಗುವ ತಾಯಂದಿರ ಚಿತ್ರವಂತೂ ಎಂದಿಗೂ ಬೇಡ.

ಇದನ್ನೇ ನೆಪವಾಗಿಸಿ ಲೆಕ್ಕ ಮುಚ್ಚಿಡಲಾಗದು. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು ಕೇಳುವ ಮೊದಲೇ ಪ್ರಕಟಿಸುವ ಹೊಣೆಯನ್ನು ನಮ್ಮ ಮೇಲಿರಿಸಿದೆ. ನೀರಿಳಿದ ಬಳಿಕ ದೋಣಿ ಬಾಡಿಗೆ, ಊಟ, ಡೀಸೆಲ್ ವೆಚ್ಚವು ಸೂಚನಾ ಫಲಕಕ್ಕೆ ಬರಲಿ. ದೋಣಿ ತಡವಾಗಿ ಬಂದಿದ್ದರೆ ಅದನ್ನೂ ಗ್ರಾಮಸಭೆಯಲ್ಲಿ ಹೇಳಿರಿ.

ಕಾರ್ಯಾಚರಣೆಯ ವೇಳೆ ಸುದ್ದಿ ನೀಡುವವರು ಒಬ್ಬರೇ ಇರಲಿ. ಆ ಹೆಸರನ್ನು ಮುಂಗಾರಿಗೆ ಮೊದಲೇ ಠರಾವು ಮಾಡಿ ತಾಲ್ಲೂಕು ಪಂಚಾಯಿತಿಗೆ ಕಳುಹಿಸಬೇಕೆಂದು ಕೋರುತ್ತೇನೆ.